ಗುಜರಿ ತೂಕಕ್ಕೆ ತಂದ ಗರಗಸದ ಮಿಷನ್

ಮಂಡ್ಯ ಪಕ್ಕದ ಒಂದು ಹಳ್ಳಿ. ಬಾಗಿಲು ಹಾಕಿ ವರ್ಷಗಳೇ ಆಗಿದ್ದ ಮರಗೆಲಸದ ಶೆಡ್ಡು. ಈ ಮಿಷನ್ ಮೊದಲ ಸಲ ಕಂಡಾಗ ಅದರ ಮೇಲೆ ಮೂರು ಗೊಬ್ಬರದ ಚೀಲ ಇದ್ದವು, ಚೀಲದ ಮೇಲೆ ಕಾವಿಗೆ ಕೂತ ಕೋಳಿ ಇತ್ತು. ಕೆಳಗಿರೋದು ಟೇಬಲ್ ಸಾ, ಅಂದರೆ ಟೇಬಲ್ಲಿನ ನಡುವಿಂದ ದುಂಡು ಬ್ಲೇಡು ಮೇಲೆ ಬಂದು ಮರ ಕೊಯ್ಯುವ ಮಿಷನ್, ಅಂತ ಗೊತ್ತಾಗಿದ್ದು ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಇಣುಕುತ್ತಿದ್ದ ಬ್ಲೇಡಿನಿಂದ. ಹದಿನಾರು ಇಂಚಿನ ಬ್ಲೇಡು, ಪೂರ್ತಿ ತುಕ್ಕು.

ಮಿಷನ್ ಯಜಮಾನರನ್ನು ಊರೆಲ್ಲ ಆಚಾರ್ರು ಅಂತಲೇ ಕರೆಯುತ್ತದೆ. ಎಪ್ಪತ್ತು ದಾಟಿದೆ. ಮಗ ಬೆಂಗಳೂರಲ್ಲಿ ಮಾಡ್ಯುಲರ್ ಕಿಚನ್ ಫಿಟ್ಟಿಂಗ್ ಮಾಡುತ್ತಾನೆ, ಅವನಿಗೆ ಈ ಮಿಷನ್ ಬೇಡ. ಆಚಾರ್ರು ಕೋಳಿಯನ್ನು ಎರಡೂ ಕೈಲಿ ಎತ್ತಿ ಬುಟ್ಟಿಗೆ ಹಾಕಿದಾಗ ನೋಡಿದೆ, ಎಡಗೈ ತೋರುಬೆರಳಿಗೆ ತುದಿ ಇಲ್ಲ. ನಾನು ನೋಡಿದ್ದನ್ನು ಅವರೂ ನೋಡಿದರು.

"ಇದೇ ತಗಂಡಿದ್ದು ಸಾ," ಅಂತ ಮಿಷನ್ನಿನ ತಲೆ ಮೇಲೆ ಒಂದು ತಟ್ಟಿದರು. ಸಿಟ್ಟೇನೂ ಇರಲಿಲ್ಲ. ಹಳೆ ಎತ್ತಿನ ಬೆನ್ನು ತಟ್ಟಿದ ಹಾಗಿತ್ತು.

ಗುಜರಿಯವನು ಕೊಡುವ ರೇಟಿಗೇ ಕೊಟ್ಟರು. ಕಿಲೋಗೆ ನಲವತ್ತು ರೂಪಾಯಿ, ತೂಕ 190 ಕಿಲೋ, ಅಂದರೆ 7,600. ಮೋಟಾರಿಗೆ ಬೇರೆ 2,500. ಲಗೇಜ್ ಆಟೋದಲ್ಲಿ ಮೈಸೂರಿಗೆ ಬಂತು. ನಾಲ್ಕು ಜನ ಹಿಡಿದು ಹಿತ್ತಲಿನ ಶೀಟಿನ ಶೆಡ್ಡಿಗೆ ಇಳಿಸಿದೆವು. ಶೆಡ್ಡು ಹತ್ತು ಅಡಿಗೆ ಹದಿನಾಲ್ಕು ಅಡಿ. ಮಿಷನ್ ಇಟ್ಟ ಮೇಲೆ ನನಗೆ ಎಷ್ಟು ಜಾಗ ಉಳಿಯಿತು ಅಂತ ಕೇಳಬೇಡಿ.

ಇದು ಎಂಥ ಮಿಷನ್ನು

ಈಗ ಅಂಗಡಿಯಲ್ಲಿ ಸಿಗುವ ಟೇಬಲ್ ಸಾಗಳಲ್ಲಿ ಟೇಬಲ್ ಅಲ್ಲಾಡಲ್ಲ, ಹ್ಯಾಂಡಲ್ ತಿರುಗಿಸಿದರೆ ಬ್ಲೇಡ್ ಮೇಲೆ ಕೆಳಗೆ ಹೋಗುತ್ತದೆ. ಇದರಲ್ಲಿ ಉಲ್ಟಾ. ಬ್ಲೇಡಿನ ಶಾಫ್ಟು ಕೆಳಗಿನ ಚೌಕಟ್ಟಿಗೆ ಬೋಲ್ಟ್ ಆಗಿದೆ, ಅದು ಎಲ್ಲಿಗೂ ಹೋಗಲ್ಲ. ಮೇಲಿನ ಬೀಡಿನ (ಎರಕದ ಕಬ್ಬಿಣದ) ಟೇಬಲ್ಲಿಗೆ ಹಿಂದುಗಡೆ ಕೀಲು ಇದೆ, ಮುಂದುಗಡೆ ದಪ್ಪ ಸ್ಕ್ರೂ ಮತ್ತು ಒಂದು ಕೈಚಕ್ರ. ಚಕ್ರ ತಿರುಗಿಸಿದರೆ ಪೆಟ್ಟಿಗೆ ಮುಚ್ಚಳದ ಹಾಗೆ ಟೇಬಲ್ಲೇ ಏಳುತ್ತದೆ, ಬ್ಲೇಡು ಅಷ್ಟು ಒಳಗೆ ಹೋಗುತ್ತದೆ. ನಮ್ಮ ಕಡೆ ಹಳೆ ಮರಗೆಲಸದ ಶೆಡ್ಡುಗಳಲ್ಲಿ ಇಂಥವೇ ಜಾಸ್ತಿ. ಎರಕ ಸುಲಭ, ಕೆಡೋಕೆ ಏನೂ ಇಲ್ಲ.

ಮೊದಲ ದಿನ ಇದನ್ನು ನೋಡಿ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇದನ್ನು ಬದಲಾಯಿಸಿ ಶಾಫ್ಟೇ ಏರೋ ಹಾಗೆ ಮಾಡಿದರೆ ಹೇಗೆ ಅಂತ ಎರಡು ರಾತ್ರಿ ಕೂತು ಚಿತ್ರ ಬೇರೆ ಬರೆದೆ. ಆ ಚಿತ್ರಗಳನ್ನು ಆಮೇಲೆ ಪೇಂಟ್ ಬ್ರಷ್ ಒರೆಸಲು ಬಳಸಿದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಬಿಚ್ಚುವ ಮೊದಲು ಬೀಡು ಎಲ್ಲಾದರೂ ಬಿರುಕು ಬಿಟ್ಟಿದೆಯಾ ಅಂತ ನೋಡಬೇಕು. ಬೀಡು ಬಗ್ಗೋ ಜಾತಿಯಲ್ಲ, ಒಡೆಯೋ ಜಾತಿ. ಇದಕ್ಕೆ ಸೀಮೆಎಣ್ಣೆ, ಸೀಮೆಸುಣ್ಣ ಎರಡಿದ್ದರೆ ಸಾಕು. ಅನುಮಾನ ಇರುವ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಬಟ್ಟೆಯಲ್ಲಿ ಒಣಗೋ ಹಾಗೆ ಒರೆಸಿ. ಮೇಲೆ ಸೀಮೆಸುಣ್ಣ ಪುಡಿ ಮಾಡಿ ತೆಳ್ಳಗೆ ಉಜ್ಜಿ. ಬಿರುಕು ಇದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡಿಸುತ್ತದೆ. ಎಡಗಡೆ ಕೀಲಿನ ಕಿವಿಯ ಬುಡದಲ್ಲಿ ಗೆರೆ ಮೂಡಿತು. ಎದೆ ಧಸಕ್ಕೆಂದಿತು. ಕೆರೆದು ನೋಡಿದರೆ ಒಳಗೆ ಹಳದಿ. ಯಾವ ಕಾಲದಲ್ಲೋ ಒಡೆದಿದ್ದನ್ನು ಯಾರೋ ಹಿತ್ತಾಳೆ ಬೆಸುಗೆ ಹಾಕಿ ಕೂರಿಸಿದ್ದಾರೆ. ಕಂಡಿದ್ದು ಆ ಬೆಸುಗೆಯ ಅಂಚು, ಅಷ್ಟೇ. ಕೆಲಸ ಅಚ್ಚುಕಟ್ಟಾಗಿತ್ತು. ಮುಟ್ಟಲಿಲ್ಲ.

ನಟ್ಟು ಬಿಚ್ಚಲಿಲ್ಲ

ಬ್ಲೇಡಿನ ನಟ್ಟಿಗೆ ಸ್ಪ್ಯಾನರ್ ಹಾಕಿದೆ, ಬರಲಿಲ್ಲ. ಡೀಸೆಲ್ ಹಾಕಿ ರಾತ್ರಿಯಿಡೀ ಬಿಟ್ಟೆ, ಬರಲಿಲ್ಲ. ಸ್ಪ್ಯಾನರಿಗೆ ಎರಡಡಿ ಪೈಪು ತೊಡಿಸಿ ಮೈಭಾರ ಹಾಕಿ ಜಗ್ಗಿದೆ. ಸ್ವಲ್ಪ ತಿರುಗಿದ ಹಾಗಾಯಿತು. ಖುಷಿಯಾಗಿ ಇನ್ನಷ್ಟು ಜಗ್ಗಿದೆ. ಆಮೇಲೆ ಒಂದಿಷ್ಟೂ ಅಲ್ಲಾಡಲಿಲ್ಲ.

ಆಚಾರ್ರಿಗೆ ಫೋನ್ ಮಾಡಿದೆ. "ಯಾವ ಕಡೀಕೆ ತಿರುಗುಸ್ತಿದ್ದೀರಿ?" ಅಂದರು. ಎಲ್ಲ ನಟ್ಟು ಬಿಚ್ಚೋ ಕಡೆಗೇ ಅಂದೆ. ಆ ಕಡೆ ಒಂದು ನಗು ಕೇಳಿಸಿತು. "ಅದು ಉಲ್ಟಾ ಥ್ರೆಡ್ಡು ಕಣ್ ಸಾ. ನೀವು ಬಿಗಿ ಮಾಡ್ತಾ ಅವ್ರಿ."

ಇದರ ಲೆಕ್ಕ ಒಮ್ಮೆ ತಲೆಗೆ ಹೋದರೆ ಮರೆಯಲ್ಲ. ಬ್ಲೇಡಿನ ಮೇಲ್ತುದಿ ಯಾವಾಗಲೂ ನಮ್ಮ ಕಡೆಗೆ ತಿರುಗುತ್ತದೆ. ಈ ಮಿಷನ್ನಿನಲ್ಲಿ ಬ್ಲೇಡು ಶಾಫ್ಟಿನ ಎಡತುದಿಯಲ್ಲಿದೆ. ಎಡಗಡೆ ನಿಂತು ನಟ್ಟನ್ನು ನೋಡಿದರೆ ಬ್ಲೇಡು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮರ ಕೊಯ್ಯುವಾಗ ಬ್ಲೇಡನ್ನು ಮರ ಹಿಂದಕ್ಕೆ ಎಳೆಯುತ್ತಾ ಇರುತ್ತದೆ, ಬ್ಲೇಡಿನ ಜತೆ ನಟ್ಟನ್ನೂ. ಮಾಮೂಲಿ ಥ್ರೆಡ್ ಇದ್ದರೆ ಆ ಎಳೆತಕ್ಕೆ ನಟ್ಟು ಸಡಿಲವಾಗುತ್ತಾ ಹೋಗುತ್ತದೆ. ಉಲ್ಟಾ ಥ್ರೆಡ್ ಆದರೆ ಬಿಗಿಯಾಗುತ್ತದೆ. ಅಂದರೆ ಬ್ಲೇಡು ಯಾವ ಕಡೆ ತಿರುಗುತ್ತದೋ ಆ ಕಡೆಗೇ ನಟ್ಟು ಬಿಚ್ಚಬೇಕು. ಪೈಪು ಆ ಕಡೆಗೆ ಹಾಕಿದೆ. ಒಂದು ಸಲ ಟಕ್ ಅಂತು, ಆಮೇಲೆ ಬೆರಳಲ್ಲೇ ಬಿಚ್ಚಿತು.

ಕಾಕಂಬಿ

ತುಕ್ಕು ತೆಗೆಯೋಕೆ ಜನ ಏನೇನೋ ಹಾಕುತ್ತಾರೆ. ಆ್ಯಸಿಡ್ ನನಗೆ ಇಷ್ಟವಿಲ್ಲ. ತುಕ್ಕಿನ ಜತೆ ಕಬ್ಬಿಣವನ್ನೂ ತಿನ್ನುತ್ತದೆ, ಶೆಡ್ಡಿನಲ್ಲಿರುವ ಬೇರೆ ಉಳಿಗಳಿಗೂ ಅದರ ಹೊಗೆಗೆ ತುಕ್ಕು ಹಿಡಿಯುತ್ತದೆ. ಮಂಡ್ಯದ ಮಿಷನ್ನಿಗೆ ಮಂಡ್ಯದ ಮದ್ದೇ ಇರಲಿ ಅಂತ ದನದ ಮೇವಿನ ಅಂಗಡಿಯಿಂದ ಒಂದು ಕ್ಯಾನ್ ಕಾಕಂಬಿ, ಅಂದರೆ ಸಕ್ಕರೆ ಮಾಡಿದ ಮೇಲೆ ಉಳಿಯುವ ಕಬ್ಬಿನ ಕಪ್ಪು ಪಾಕ, ತಂದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಐವತ್ತು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಸಣ್ಣ ಭಾಗಗಳನ್ನೆಲ್ಲ ಮುಳುಗಿಸಿದೆ. ಮರ ಒರಗಿಸಿ ತಳ್ಳುವ ಗೈಡ್, ಗೈಡಿನ ಕಂಬಿ, ಬೋಲ್ಟುಗಳು, ಕೈಚಕ್ರ.

ಕಾಕಂಬಿಯಲ್ಲಿರುವ ಪದಾರ್ಥಗಳು ತುಕ್ಕನ್ನು ಹಿಡಿದು ಮೆಲ್ಲಗೆ ನೀರಿಗೆ ಬಿಡುತ್ತವೆ. ಒಳಗಿನ ಗಟ್ಟಿ ಕಬ್ಬಿಣದ ತಂಟೆಗೆ ಅಷ್ಟಾಗಿ ಹೋಗಲ್ಲ. ಆತುರ ಇರುವವರಿಗಲ್ಲ ಇದು. ವಾರ, ಹತ್ತು ದಿನ ಬೇಕು. ನಾಲ್ಕನೇ ದಿನಕ್ಕೆ ನೊರೆ ಬಂತು, ಐದನೇ ದಿನಕ್ಕೆ ವಾಸನೆ. ಹೆಂಡದಂಗಡಿ ಪಕ್ಕ ಚರಂಡಿ ಒಡೆದ ಹಾಗೆ. ಅಮ್ಮ ಹಿತ್ತಲ ಬಾಗಿಲು ಹಾಕಿ, "ಅದನ್ನ ತೆಗೆಯೋವರೆಗೂ ಬಟ್ಟೆ ಒಣಗ್ಹಾಕೋಕೆ ನಾನು ತಾರಸಿಗೇ ಹೋಗ್ತೀನಿ" ಅಂದರು. ಹೋದರು ಕೂಡ.

ಒಂಬತ್ತನೇ ದಿನ ಗೈಡಿನ ಕಂಬಿ ತೆಗೆದೆ. ನಲ್ಲಿ ನೀರು ಬಿಟ್ಟು ಹಲ್ಲುಜ್ಜೋ ಬ್ರಷ್ಷಿನಲ್ಲಿ ತಿಕ್ಕಿದರೆ ಕಪ್ಪು ಕೆಸರು ಜಾರಿ ಹೋಯಿತು. ಕೆಳಗೆ ಬೂದು ಬಣ್ಣದ ಲೋಹ, ಅದರ ಮೇಲೆ ಇಂಚಿನ ಗುರುತುಗಳು! ಕಂಬಿಯ ಮೇಲೆ ಅಳತೆ ಕೊರೆದಿದ್ದಾರೆ ಅಂತ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ. ತೊಳೆದ ಕೂಡಲೇ ಬಿಸಿಲಿಗಿಟ್ಟು ಎಣ್ಣೆ ಹಚ್ಚಬೇಕು. ಟೀ ಕುಡಿದು ಬರ್ತೀನಿ ಅಂತ ಹೋದರೆ ಅಷ್ಟರಲ್ಲಿ ಹೊಸ ತುಕ್ಕಿನ ಪೊರೆ ಬಂದಿರುತ್ತದೆ.

ಇಷ್ಟಾದ ಮೇಲೆ ನಾನು ಮಾಡಿದ ತಪ್ಪು. ಅಷ್ಟರಲ್ಲಿ ದಸರಾ ಬಂತು. ಮನೆ ತುಂಬ ನೆಂಟರು, ಶೆಡ್ಡಿನ ಕಡೆ ಹೋಗಲೇ ಇಲ್ಲ. ಡ್ರಮ್ಮಿನ ತಳದಲ್ಲಿ ಕೈಚಕ್ರ ಇತ್ತು ಅನ್ನೋದು ಮರೆತೇ ಹೋಯಿತು. ನಾಲ್ಕು ವಾರ ಆದಮೇಲೆ ತೆಗೆದರೆ ಚಕ್ರದ ಮೈಮೇಲೆ ಮೆತ್ತನೆಯ ಕಪ್ಪು ಪದರ. ಉಗುರಲ್ಲಿ ಗೀರಿದರೆ ಪೆನ್ಸಿಲ್ ಸೀಸದ ಹಾಗೆ ಬರುತ್ತದೆ. ಅದು ನಿಜಕ್ಕೂ ಪೆನ್ಸಿಲ್ ಸೀಸವೇ. ಬೀಡಿನೊಳಗೆ ಇಂಗಾಲ ಗ್ರಾಫೈಟ್ ಚೂರುಗಳಾಗಿ ಹರಡಿಕೊಂಡಿರುತ್ತದೆ. ಜಾಸ್ತಿ ದಿನ ಬಿಟ್ಟರೆ ಕಾಕಂಬಿ ನೀರು ಸುತ್ತಲಿನ ಕಬ್ಬಿಣವನ್ನೂ ತಿಂದು ಗ್ರಾಫೈಟನ್ನು ಮಾತ್ರ ಉಳಿಸುತ್ತದೆ. ಚಕ್ರದ ಮೈ ಸಿಡುಬು ಬಂದ ಮುಖದ ಹಾಗಾಗಿದೆ. ಕೆಲಸಕ್ಕೇನೂ ತೊಂದರೆಯಿಲ್ಲ, ಹಾಗೇ ಹಾಕಿದ್ದೀನಿ. ಉಕ್ಕಿನ ಸಾಮಾನಾದರೆ ಎರಡು ದಿನ ಹೆಚ್ಚುಕಮ್ಮಿ ಆದರೂ ನಡೆಯುತ್ತೆ. ಬೀಡಾದರೆ ದಿನ ಬಿಟ್ಟು ದಿನ ತೆಗೆದು ನೋಡಿ. ಬೇರಿಂಗ್, ಅಲ್ಯೂಮಿನಿಯಂ, ಸತುವಿನ ಲೇಪ ಇರೋದನ್ನು ಡ್ರಮ್ಮಿಗೆ ಹಾಕಲೇಬೇಡಿ.

ಟೇಬಲ್ಲಿನ ಮೇಲ್ಮೈಗೆ ಕಾಕಂಬಿ ಬೇಕಾಗಲಿಲ್ಲ. ಸೀಮೆಎಣ್ಣೆ ಚಿಮುಕಿಸಿ ಕೀಸುವ ಬ್ಲೇಡಿನಿಂದ ಮಲಗಿಸಿ ಕೀಸಿದೆ. ಆಮೇಲೆ ಚಪ್ಪಟೆ ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ 120, 240, 400 ನಂಬರಿನಲ್ಲಿ ಉಜ್ಜಿದೆ. ಎರಡು ಭಾನುವಾರ ಹೋಯಿತು, ಭುಜ ಬಿತ್ತು. ಗ್ರೈಂಡರ್ ಹಿಡಿದಿದ್ದರೆ ಅರ್ಧ ಗಂಟೆ ಕೆಲಸ. ಆದರೆ ಅದು ಟೇಬಲ್ ತುಂಬ ಗುಳಿ ಮಾಡಿ ಹೋಗುತ್ತದೆ, ಗುಳಿ ತುಂಬೋಕೆ ಆಗಲ್ಲ.

ಹೀಗೆ ಉಜ್ಜುವಾಗಲೇ ಟೇಬಲ್ಲಿನ ಉದ್ದಕ್ಕೂ ಒಂದು ಕಡೆ ಎಮರಿ ಪೇಪರ್ ಬೇರೆ ಥರ ಸದ್ದು ಮಾಡಿತು. ನೋಡಿದರೆ ಮರ. ಮುಕ್ಕಾಲು ಇಂಚು ಅಗಲದ ಕಾಲುವೆಯೊಳಗೆ ಮರದ ಪಟ್ಟಿ ಬಡಿದು ಟೇಬಲ್ ಮಟ್ಟಕ್ಕೆ ತೋಪಡ ಹೊಡೆದಿದ್ದಾರೆ. ಅದರ ಮೇಲೆ ಅಂಟು, ಎಣ್ಣೆ, ತುಕ್ಕು ಸೇರಿ ಬೀಡಿನ ಬಣ್ಣವೇ ಬಂದಿತ್ತು. ಅಡ್ಡ ಕೊಯ್ಯುವ ಜಾರುಪಟ್ಟಿಗೆ ಅಂತ ಫ್ಯಾಕ್ಟರಿಯಲ್ಲೇ ಕೊಟ್ಟ ಕಾಲುವೆ ಅದು. ಈ ಮಿಷನ್ನಿಗೆ ಅದಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಆಚಾರ್ರನ್ನು ಕೇಳಿದರೆ, "ಹೊಟ್ಟು ತುಂಬ್ಕಂತದೆ ಅಂತ ನಮ್ಮಪ್ಪನೇ ಮುಚ್ಚಿದ್ದು" ಅಂದರು. ಉಳಿ ಹಾಕಿ ಎಬ್ಬಿಸಿದೆ. ಪಟ್ಟಿ ತೇಗದ್ದು. ಒಳಗೆ ಕಾಲುವೆ ಹೊಚ್ಚಹೊಸದರ ಹಾಗೆ, ಒಂದು ಚೂರೂ ತುಕ್ಕಿಲ್ಲ.

ಮೇಲ್ಮೈಗೆ ಕೊನೆಗೆ ಮ್ಯಾನ್ಷನ್ ಪಾಲಿಶ್ ಹಚ್ಚಿ ಒರೆಸಿದೆ. ರೆಡ್ ಆಕ್ಸೈಡ್ ನೆಲಕ್ಕೆ ಹಚ್ಚುತ್ತಿದ್ದರಲ್ಲ, ಅದೇ, ಬಣ್ಣವಿಲ್ಲದ್ದು. ಮರ ಸರಾಗ ಜಾರುತ್ತದೆ. ಸಿಲಿಕೋನ್ ಇರುವ ಸ್ಪ್ರೇ ಹೊಡೆಯಬೇಡಿ, ಅದು ಮರಕ್ಕೆ ಅಂಟಿಕೊಂಡರೆ ಆಮೇಲೆ ಪಾಲಿಶ್ ಹಿಡಿಯಲ್ಲ. ಉದ್ದನೆಯ ಸ್ಟೀಲ್ ಪಟ್ಟಿ ಇಟ್ಟು ನೋಡಿದರೆ ಟೇಬಲ್ ನಡುವೆ 0.3 ಮಿ.ಮೀ. ತಗ್ಗು ಇದೆ. ಇರಲಿ ಬಿಡಿ. ನಾನು ಮಾಡೋದು ಸ್ಟೂಲು, ಗಡಿಯಾರವಲ್ಲ.

ಶಾಫ್ಟು, ಬೇರಿಂಗು

ಹಳೆ ಬೇರಿಂಗ್ ಮೇಲೆ 6206 ಅಂತ ಇತ್ತು. ಗೊತ್ತಿಲ್ಲದವರಿಗೆ ಒಂದು ಸಣ್ಣ ಗುಟ್ಟು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ, 04ರಿಂದ ಮೇಲಕ್ಕೆ. ಆರೈದಲೆ ಮೂವತ್ತು. ಹೊರಗಿನ ಅಳತೆ 62, ದಪ್ಪ 16. ಎರಡೂ ಕಡೆ ರಬ್ಬರ್ ಮುಚ್ಚಳ ಇರುವ 2ಆರ್‌ಎಸ್ ತಂದೆ. ಮರದ ಹೊಟ್ಟಿನ ಜಾಗದಲ್ಲಿ ತಗಡಿನ ಮುಚ್ಚಳದ್ದು ಸಾಲದು.

ಹೊಸ ಬೇರಿಂಗ್ ಒಂದನ್ನು ನಾನೇ ಹಾಳು ಮಾಡಿದೆ. ಶಾಫ್ಟಿಗೆ ತೂರಿಸುವಾಗ ಹೊರ ಬಳೆಯ ಮೇಲೆ ಸುತ್ತಿಗೆ ಹಾಕಿದೆ. ಆ ಪೆಟ್ಟೆಲ್ಲ ಒಳಗಿನ ಗುಂಡುಗಳ ಮೇಲೇ ಬೀಳುತ್ತದೆ. ತಿರುಗಿಸಿದರೆ ಗರಗರ. ಎರಡನೆಯದಕ್ಕೆ ಬುದ್ಧಿ ಬಂತು. ಒಳ ಬಳೆಯ ಅಳತೆಗೆ ಸರಿಯಾದ ಪೈಪಿನ ತುಂಡು ಇಟ್ಟು ಅದರ ಮೇಲೆ ಬಡಿದೆ.

ಪುಲ್ಲಿ ಕಡೆ ಶಾಫ್ಟು ಸ್ವಲ್ಪ ಸವೆದಿತ್ತು, 30ರ ಬದಲು 29.94. ಲೇತ್ ಅಂಗಡಿಯವರು ವೆಲ್ಡಿಂಗ್ ತುಂಬಿ ಕಡಿಯೋಣ ಅಂದರು. ಆ ಶಾಖಕ್ಕೆ ಶಾಫ್ಟೇ ಸೊಟ್ಟ ಆಗಬಹುದು ಅಂತ ನಾನು ಒಪ್ಪಲಿಲ್ಲ. ಬೇರಿಂಗ್ ಕೂರಿಸೋ ಅಂಟು ಅಂತಲೇ ಸಿಗುತ್ತದೆ, ಅದು ಈ ಅಂತರಕ್ಕೆ ಸಾಕು. ಬ್ಲೇಡು ಒರಗುವ ಕಾಲರಿಗೆ ಸಣ್ಣ ಅಲ್ಲಾಟವನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು 0.09 ಮಿ.ಮೀ. ಓಡಾಡಿತು. ಕಾಲರಿನ ಮುಖದಲ್ಲಿ ಎಲ್ಲೋ ಒಂದು ಏಟು ತಿಂದ ಗಂಟಿತ್ತು. ಎಣ್ಣೆಕಲ್ಲಿನಲ್ಲಿ ಅದನ್ನೊಂದೇ ತಿಕ್ಕಿದ ಮೇಲೆ 0.03ಕ್ಕೆ ಇಳಿಯಿತು. ಇಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೆ ಹನ್ನೆರಡು ಇಂಚಿನ ಬ್ಲೇಡಿನ ಅಂಚಿನಲ್ಲಿ ಅದು ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಹನ್ನೆರಡು ಇಂಚು ಅಂದೆ. ಹದಿನಾರರ ಬ್ಲೇಡು ಬಿಟ್ಟೆ. ಮನೆಯ ಶೆಡ್ಡಿಗೆ ಅಷ್ಟು ದೊಡ್ಡದು ಬೇಡ ಅನ್ನೋದು ಒಂದು. ಇನ್ನೊಂದು, ಸಾಮಿಲ್ ಲೈಸೆನ್ಸಿನ ವಿಷಯ. ಮರದ ಉದ್ಯಮಗಳ ಬಗ್ಗೆ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಇದೆ. ಸೀಳಿದ ಮರ ಮಾತ್ರ ಬಳಸುವ, 30 ಸೆಂ.ಮೀ.ಗಿಂತ ದೊಡ್ಡ ಸರ್ಕ್ಯುಲರ್ ಗರಗಸ ಇಲ್ಲದ ಕಡೆಗೆ ಲೈಸೆನ್ಸ್ ಬೇಕಿಲ್ಲ ಅನ್ನುತ್ತದೆ. ದಿಮ್ಮಿ ಸೀಳೋದು ನನ್ನ ಕೆಲಸವಲ್ಲ. ಬ್ಲೇಡು 300 ಮಿ.ಮೀ.ಗೆ ನಿಂತಿತು.

ಚಿಕ್ಕ ಬ್ಲೇಡು ಹಾಕಿದರೆ ವೇಗದ ಲೆಕ್ಕ ಬದಲಾಗುತ್ತದೆ. ಮರಕ್ಕೆ ಮುಖ್ಯ ಹಲ್ಲಿನ ತುದಿ ಎಷ್ಟು ಜೋರಾಗಿ ಹೋಗುತ್ತದೆ ಅನ್ನೋದು, ಶಾಫ್ಟು ಎಷ್ಟು ಸುತ್ತುತ್ತದೆ ಅನ್ನೋದಲ್ಲ. ಮೋಟಾರಿನದು ಲೆಕ್ಕಕ್ಕೆ ನಿಮಿಷಕ್ಕೆ 1440 ಸುತ್ತು. ಮೋಟಾರಿಗೆ ಆರಿಂಚಿನ ಪುಲ್ಲಿ, ಶಾಫ್ಟಿಗೆ ನಾಲ್ಕಿಂಚಿನದು ಇತ್ತು. ಹಾಗಾಗಿ ಬ್ಲೇಡಿಗೆ 2160 ಸುತ್ತು. 400 ಮಿ.ಮೀ. ಬ್ಲೇಡಿಗೆ ಹಲ್ಲಿನ ತುದಿ ಸೆಕೆಂಡಿಗೆ 45 ಮೀಟರ್ ಹೋಗುತ್ತಿತ್ತು. ಅದೇ ಪುಲ್ಲಿಯಲ್ಲಿ 300ರ ಬ್ಲೇಡು ಹಾಕಿದರೆ 34ಕ್ಕೆ ಇಳಿಯುತ್ತದೆ. ನಾಲ್ಕಿಂಚಿನ ಪುಲ್ಲಿ ತೆಗೆದು ಮೂರಿಂಚಿನದು ಹಾಕಿದರೆ 2880 ಸುತ್ತು, ತುದಿಯ ವೇಗ ಮತ್ತೆ ಅದೇ 45. ಪೇಪರಿನ ಮೇಲೆ ಎರಡು ಸಂಖ್ಯೆ ಹೀಗೆ ಒಂದೇ ಬಂದಾಗ ತಪ್ಪು ಲೆಕ್ಕ ಅಂದುಕೊಂಡು ಮತ್ತೊಮ್ಮೆ ಮಾಡಿದೆ. ಸರಿಯಾಗೇ ಇತ್ತು. ಬ್ಲೇಡಿನ ಮೇಲೆ ಗರಿಷ್ಠ ಸುತ್ತು ಎಷ್ಟು ಅಂತ ಬರೆದಿರುತ್ತದೆ, ಅದನ್ನು ದಾಟಬಾರದು, ಅಷ್ಟೇ.

ಹಳೆಯದು ಚಪ್ಪಟೆ ಬೆಲ್ಟು, ಜೋಡಿಸಿದ ಕಡೆ ಕಬ್ಬಿಣದ ಹಲ್ಲು. ತಿರುಗುವಾಗ ಟಪ್ ಟಪ್ ಅನ್ನುತ್ತಿತ್ತಂತೆ. ಅದು ಯಾಕಷ್ಟು ಸಡಿಲ ಇತ್ತು ಅಂತ ಆಚಾರ್ರನ್ನು ಕೇಳಿದ್ದೆ. "ಜಾರ್ಲಿ ಅಂತಾನೇ ಬಿಟ್ಟಿರೋದು. ಮರ ಕಚ್ಕಂಡ್ರೆ ಬೆಲ್ಟು ಜಾರ್ತದೆ, ಮೋಟ್ರು ಉಳೀತದೆ." ಆದರೂ ಮೂರಿಂಚಿನ ಪುಲ್ಲಿಗೆ ಚಪ್ಪಟೆ ಬೆಲ್ಟು ಹಿಡಿತ ಸಾಲಲ್ಲ. ಎರಡು ಎ-42 ವಿ-ಬೆಲ್ಟು ಹಾಕಿದೆ. ಜಾರುವ ಕೆಲಸಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಮೋಟಾರಿನ ಹೊಟ್ಟೆ

ಮೋಟಾರ್ ಎನ್‌ಜಿಇಎಫ್. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ, ಜರ್ಮನಿಯ ಎಇಜಿ ಕಂಪನಿ ಜತೆ ಸೇರಿ ನಮ್ಮ ಸರ್ಕಾರ ನಡೆಸುತ್ತಿದ್ದ ಕಾರ್ಖಾನೆಯದ್ದು. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯಿತು. ವೈಂಡಿಂಗ್ ಅಂಗಡಿಯವರು ಈಗಲೂ ಆ ಫಲಕ ಕಂಡರೆ ಕೈಯಲ್ಲಿ ಒರೆಸಿ ನೋಡುತ್ತಾರೆ. ಎರಡು ಎಚ್‌ಪಿ, 415 ವೋಲ್ಟ್, 3.5 ಆಂಪಿಯರ್, ತ್ರೀ ಫೇಸ್. ನಮ್ಮ ಮನೆಗೆ ಇರೋದು ಸಿಂಗಲ್ ಫೇಸ್.

ಸಿಂಗಲ್ ಫೇಸ್ ಮೋಟಾರ್ ಹೊಸದು ತಂದಿದ್ದರೆ ಕತೆ ಮುಗಿಯುತ್ತಿತ್ತು. ಮನಸ್ಸು ಬರಲಿಲ್ಲ. 230 ವೋಲ್ಟ್ ಸಿಂಗಲ್ ಫೇಸ್ ತಗೊಂಡು 230 ವೋಲ್ಟ್ ತ್ರೀ ಫೇಸ್ ಕೊಡುವ, ಮೋಟಾರಿನ ವೇಗವನ್ನೂ ಹಿಡಿತದಲ್ಲಿಡುವ ವಿಎಫ್‌ಡಿ ಪೆಟ್ಟಿಗೆ ಸಿಗುತ್ತದೆ. ಆದರೆ ಮೋಟಾರ್ ಕೇಳೋದು 415 ಅಲ್ವಾ? ಇಲ್ಲಿದೆ ಉಪಾಯ. ಈ ಅಳತೆಯ ಮೋಟಾರಿನಲ್ಲಿ ಸಾಮಾನ್ಯವಾಗಿ ಮೂರು ಸುರುಳಿಗಳು ಸ್ಟಾರ್ ಜೋಡಣೆಯಲ್ಲಿರುತ್ತವೆ. ಮೂರರ ಒಂದೊಂದು ತುದಿ ಒಳಗೆ ಒಂದೇ ಗಂಟಿಗೆ ಸೇರಿರುತ್ತದೆ. ಹಾಗಾಗಿ ಒಂದು ಸುರುಳಿಗೆ ಸಿಗೋದು 415 ಅಲ್ಲ, 415ನ್ನು 1.73ರಿಂದ ಭಾಗಿಸಿದಷ್ಟು. ಅಂದರೆ 240. ಗಂಟು ಬಿಚ್ಚಿ, ಒಂದರ ತುದಿಗೆ ಇನ್ನೊಂದು ಸೇರುವ ಡೆಲ್ಟಾ ಜೋಡಣೆ ಮಾಡಿದರೆ 230 ವೋಲ್ಟಿನಲ್ಲೇ ಪ್ರತಿ ಸುರುಳಿಗೂ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ. ಕರೆಂಟು ಮಾತ್ರ 3.5ರ ಬದಲು 6 ಆಂಪಿಯರ್.

ತೊಂದರೆ ಏನಪ್ಪಾ ಅಂದರೆ ಈ ಮೋಟಾರಿನಿಂದ ಹೊರಗೆ ಬಂದಿದ್ದು ಮೂರೇ ವೈರು. ಗಂಟು ಹೊಟ್ಟೆಯೊಳಗಿದೆ. ವೈಂಡಿಂಗ್ ಅಂಗಡಿಯ ಮೇಸ್ತ್ರಿ ಮುಚ್ಚಳ ಬಿಚ್ಚಿ, ಸುರುಳಿಗಳ ತುದಿಗೆ ಸುತ್ತಿದ್ದ ಹತ್ತಿ ಟೇಪನ್ನು ಬಿದಿರು ಕಡ್ಡಿಯಿಂದ ಎತ್ತುತ್ತಾ ಹೋದರು. ವಾರ್ನಿಷ್ ಒಣಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಜೋರಾಗಿ ಎಳೆದರೆ ತಂತಿಯ ಮೈ ಸುಲಿಯುತ್ತದೆ, ಆಮೇಲೆ ಪೂರ್ತಿ ರೀವೈಂಡಿಂಗೇ ಗತಿ. ಮುಕ್ಕಾಲು ಗಂಟೆ ಅವರು ಮಾತೇ ಆಡಲಿಲ್ಲ. ಕೊನೆಗೆ ಒಂದು ಕಪ್ಪು ಕೊಳವೆಯನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿ, "ಸಿಕ್ತು ನೋಡಿ ಇವನ ಹೊಕ್ಕುಳ" ಅಂದರು. ಗಂಟು ಕತ್ತರಿಸಿ, ಮೂರು ತುದಿಗೂ ಹೊಸ ವೈರು ಬೆಸೆದು, ಕೊಳವೆ ತೊಡಿಸಿ, ಮತ್ತೆ ಟೇಪು ಕಟ್ಟಿ ವಾರ್ನಿಷ್ ಹೊಯ್ದರು. ಈಗ ಆರು ವೈರು ಹೊರಗಿವೆ.

ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಟ್ಟು ನೋಡಿದರೆ 2 ಮೆಗಾಓಮ್. ನಡೆಯುತ್ತೆ, ಆದರೆ ತೀರಾ ಅಂಚಿನಲ್ಲಿದೆ. ವರ್ಷಗಟ್ಟಲೆ ತೇವ ಕುಡಿದಿದೆ ಪಾಪ. ಒಳಗೆ ತಿರುಗುವ ರೋಟರ್ ತೆಗೆದು ಹೊಟ್ಟೆಯೊಳಗೆ ನೂರು ವ್ಯಾಟ್ ಹಳೇ ಬಲ್ಬು ಇಳಿಬಿಟ್ಟು, ಮೇಲೆ ಗೋಣಿಚೀಲ ಮುಚ್ಚಿ ಎರಡು ದಿನ ಹಚ್ಚಿಟ್ಟರು. ಬಲ್ಬು ಚೀಲಕ್ಕೆ ತಾಗದ ಹಾಗೆ, ಪಕ್ಕದಲ್ಲೇ ಜನ ಇರುವಾಗ ಮಾತ್ರ. ಮೂರನೇ ದಿನ 80 ತೋರಿಸಿತು.

ವಿಎಫ್‌ಡಿ 2.2 ಕಿಲೋವ್ಯಾಟಿನದು ತಗೊಂಡೆ. ಬೋರ್ಡಿನಿಂದ ಅದಕ್ಕೇ ಅಂತ ಬೇರೆ ವೈರು, ಬೇರೆ ಎಂಸಿಬಿ, ಗಟ್ಟಿಯಾದ ಅರ್ಥಿಂಗ್. ಹೊಟ್ಟು ಫ್ಯಾನಿನೊಳಗೆ ಹೋಗದ ಹಾಗೆ ಅದನ್ನು ಶೆಡ್ಡಿನ ಗೋಡೆಯ ಆಚೆ ಬದಿಗೆ ಕೂರಿಸಿದೆ. ಮೋಟಾರ್ ಕರೆಂಟಿನ ಮಿತಿಯನ್ನು 7 ಆಂಪಿಯರಿಗೆ ಇಟ್ಟೆ. ಮರ ಕಚ್ಚಿಕೊಂಡರೆ ಅದೇ ಆಫ್ ಆಗುತ್ತದೆ. ಜಾರುವ ಬೆಲ್ಟಿನ ಕೆಲಸ ಈಗ ಅದರದ್ದು.

ನಮ್ಮ ಕಡೆ ಮರೆಯಬಾರದ್ದು ಇನ್ನೊಂದಿದೆ. ಕರೆಂಟು ಹೋಗಿ ಬರೋದು ಮಾಮೂಲು. ಒತ್ತಿದರೆ ಒತ್ತಿದ ಹಾಗೇ ಇರುವ ಸ್ವಿಚ್ಚು ಹಾಕಿದ್ದೀರಿ, ಕೊಯ್ಯುತ್ತಿರುವಾಗ ಕರೆಂಟು ಹೋಯಿತು, ಸಿಕ್ಕಿಕೊಂಡ ಮರ ಬಿಡಿಸೋಕೆ ಕೈ ಹಾಕಿದಿರಿ, ಕರೆಂಟು ಬಂತು. ಬೇಡವೇ ಬೇಡ. ಒತ್ತಿ ಬಿಟ್ಟರೆ ಸ್ಟಾರ್ಟ್ ಆಗುವ ಹಸಿರು ಗುಂಡಿ, ನಿಲ್ಲಿಸೋಕೆ ದೊಡ್ಡ ಕೆಂಪು ಗುಂಡಿ ಹಾಕಿ. ಕರೆಂಟು ಬಂದರೂ ಹಸಿರು ಒತ್ತುವವರೆಗೆ ತಿರುಗಬಾರದು. ಮೇನ್ ಸ್ವಿಚ್ ಹತ್ತು ಸಲ ಆಫ್ ಆನ್ ಮಾಡಿ, ಬ್ಲೇಡಿಲ್ಲದೆ, ಇದನ್ನು ಪರೀಕ್ಷೆ ಮಾಡಿದೆ.

ಹಿಂದಿನ ಕತ್ತಿ

ಆಚಾರ್ರ ಬೆರಳು ಹೋಗಿದ್ದು ಹೇಗೆ ಅಂತ ಕೇಳಿದ್ದೆ. ಕೈ ತಾನಾಗಿ ಬ್ಲೇಡಿಗೆ ಹೋಗಿದ್ದಲ್ಲ. ಮತ್ತಿ ಮರದ ಪಟ್ಟಿ ಸೀಳುತ್ತಿದ್ದಾಗ ಸೀಳಿನ ಎರಡು ದಡ ಮತ್ತೆ ಹತ್ತಿರ ಬಂದು ಬ್ಲೇಡಿನ ಹಿಂಭಾಗವನ್ನು ಕಚ್ಚಿದವು. ಹಿಂಭಾಗದ ಹಲ್ಲು ಮೇಲಕ್ಕೆ ಏಳುತ್ತಿರುತ್ತವೆ. ಅವು ಮರವನ್ನು ಎತ್ತಿ ಆಚಾರ್ರ ಕಡೆಗೇ ಎಸೆದವು. "ಮರ ಒದೀತು ಸಾ. ಮರ ಹೋದಾಗ ಒತ್ತಿ ಹಿಡ್ದಿದ್ದ ಕೈ ಮುಂದಕ್ಕೆ ಹೋಯ್ತು."

ಇದನ್ನು ತಡೆಯೋದು ಬ್ಲೇಡಿನ ಹಿಂದೆ ನಿಲ್ಲುವ ಒಂದು ಉಕ್ಕಿನ ತಗಡು, ರೈವಿಂಗ್ ನೈಫ್. ಸೀಳು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಜಾಸ್ತಿ, ಹಲ್ಲು ಕೊಯ್ಯುವ ಅಗಲಕ್ಕಿಂತ ಕಮ್ಮಿ ಇರಬೇಕು. ನನ್ನ ಹೊಸ ಬ್ಲೇಡಿನ ತಗಡು 2.2 ಮಿ.ಮೀ., ಕೊಯ್ಯುವ ಅಗಲ 3.2. ನಡುವಿನದು ಬೇಕು. ಗೋಡೆಗೆ ಒರಗಿಸಿದ್ದ ಹಳೆ ಹದಿನಾರು ಇಂಚಿನ ಬ್ಲೇಡಿಗೆ ಸುಮ್ನೆ ದಪ್ಪ ಅಳೆಯುವ ವರ್ನಿಯರ್ ಹಿಡಿದೆ. 2.6. ಅದರಲ್ಲೇ ಕತ್ತರಿಸಿದೆ.

ಅಂಚು ಹಲ್ಲಿನಿಂದ ಮೂರರಿಂದ ಎಂಟು ಮಿ.ಮೀ. ದೂರದಲ್ಲಿರಬೇಕು, ಬ್ಲೇಡಿನ ದುಂಡಿಗೆ ಸರಿಯಾಗಿ. ಬ್ಲೇಡು ಮೇಲೆ ಕೆಳಗೆ ಹೋಗುವ ಮಿಷನ್ನಿನಲ್ಲಿ ಈ ಅಂತರ ಕಾಯೋಕೆ ಕತ್ತಿಯೂ ಬ್ಲೇಡಿನ ಜತೆಗೇ ಏರಿ ಇಳಿಯುವ ಹಾಗೆ ಜೋಡಿಸಬೇಕು. ಹಳೆ ಮಿಷನ್ನಿಗೆ ಅದನ್ನು ಹೊಸದಾಗಿ ಕೂರಿಸೋದು ದೊಡ್ಡ ತಲೆನೋವು. ಇದರಲ್ಲಿ ಬ್ಲೇಡು ಅಲ್ಲಾಡೋದೇ ಇಲ್ಲವಲ್ಲ! ಬೇರಿಂಗ್ ಹೌಸಿಂಗ್ ಪಕ್ಕ ಚೌಕಟ್ಟಿಗೆ ಒಂದು ಆ್ಯಂಗಲ್ ಬೋಲ್ಟ್ ಮಾಡಿ, ಅದಕ್ಕೆ ಕತ್ತಿ ಬಿಗಿದೆ. ಟೇಬಲ್ ಎಷ್ಟು ಏರಲಿ ಇಳಿಯಲಿ, ಕತ್ತಿಗೂ ಬ್ಲೇಡಿಗೂ ನಡುವೆ ಅದೇ ಐದು ಮಿ.ಮೀ. ನನ್ನ ಎರಡು ರಾತ್ರಿಯ ಚಿತ್ರಗಳು ಬ್ರಷ್ ಒರೆಸಲು ಹೋಗಿದ್ದು ಈ ದಿನವೇ.

ಕೊನೆಗೆ ಬ್ಲೇಡನ್ನು ಕಾಲುವೆಗೆ ಸಮಾನಾಂತರ ಮಾಡಿದ್ದು. ಒಂದು ಹಲ್ಲಿಗೆ ಮಾರ್ಕರಿನಲ್ಲಿ ಗುರುತು ಹಾಕಿ, ಮುಂದುಗಡೆ ಅದಕ್ಕೂ ಕಾಲುವೆಗೂ ಎಷ್ಟು ದೂರ ಅಂತ ಅಳೆದೆ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದೆ. ಬೇರೆ ಹಲ್ಲು ಅಳೆದರೆ ಬ್ಲೇಡಿನ ಓರೆ ಕೂಡ ಲೆಕ್ಕಕ್ಕೆ ಸೇರಿಬಿಡುತ್ತದೆ. 0.6 ವ್ಯತ್ಯಾಸ ಇತ್ತು. ಹೌಸಿಂಗ್ ಬೋಲ್ಟು ಸಡಿಲ ಮಾಡಿ, ಮರದ ಸುತ್ತಿಗೆಯಲ್ಲಿ ತಟ್ಟಿ, ಬಿಗಿದು, ಅಳೆದು, ಮತ್ತೆ ತಟ್ಟಿ. ಬೋಲ್ಟು ಬಿಗಿಯುವಾಗಲೇ ಅದು ಜರುಗುತ್ತದೆ ಅಂತ ಅರ್ಥವಾಗೋ ಹೊತ್ತಿಗೆ ಸಂಜೆಯಾಗಿತ್ತು. 0.08ಕ್ಕೆ ಬಂದಾಗ ಬಿಟ್ಟೆ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಆಚಾರ್ರು ಮೊಪೆಡ್ಡಿನಲ್ಲಿ ಬಂದರು. ಕಾಲ ಹತ್ತಿರ ಎರಡು ಹಲಸಿನ ಹಲಗೆ ಇಟ್ಟುಕೊಂಡು. ಮಿಷನ್ ಸುತ್ತ ಒಂದು ಸುತ್ತು ಹಾಕಿದರು. ಬಣ್ಣದ ಬಗ್ಗೆ ಏನೂ ಅನ್ನಲಿಲ್ಲ. ಕಾಲುವೆಯಲ್ಲಿ ಬೆರಳಾಡಿಸಿದರು. ಹಿಂದಿನ ಕತ್ತಿಯ ಮೇಲೆ ಹಳೆ ಬ್ಲೇಡಿನ ಅರ್ಧ ಅಳಿಸಿದ ಅಕ್ಷರ ನೋಡಿ, "ಇದು ನಮ್ದೇ ಅಲ್ವ್ರಾ" ಅಂದರು.

ನಾನು ಹಸಿರು ಗುಂಡಿ ಒತ್ತಿದೆ. ವಿಎಫ್‌ಡಿ ಐದು ಸೆಕೆಂಡಿನಲ್ಲಿ ಮೆಲ್ಲಗೆ ವೇಗಕ್ಕೆ ತರುತ್ತದೆ. ಟಪ್ ಟಪ್ ಇಲ್ಲ, ಒಂದೇ ಸಮ ಗುಂಯ್. ಹಲಗೆಯನ್ನು ಗೈಡಿಗೆ ಒತ್ತಿ, ಕೊನೆಯ ಒಂದಡಿಗೆ ನೂಕುಕೋಲು ಹಿಡಿದು ತಳ್ಳಿದೆ. ಅರಿಶಿನದಂಥ ಹೊಟ್ಟು ಶೆಡ್ಡು ತುಂಬ ಹಾರಿತು. ಆಚಾರ್ರು ಸೀಳಿದ ಅಂಚಿನ ಮೇಲೆ ತುದಿಯಿಲ್ಲದ ಬೆರಳು ಎಳೆದು ನೋಡಿ, ಆಮೇಲೆ ಕಿವಿ ಕೊಟ್ಟು ನಿಂತರು.

"ಈಗ ಆಫ್ ಮಾಡಿ. ಸೌಂಡು ಕೇಳ್ಬೇಕು."

ಆಫ್ ಮಾಡಿದೆ. ಎಂಟು ಸೆಕೆಂಡಿಗೆ ನಿಂತಿತು. ಅವರ ಮುಖ ಗಂಟಾಯಿತು. "ಯಾಕಿಷ್ಟು ಬೇಗ ನಿಂತೋಯ್ತು? ಬೇರಿಂಗು ಬಿಗಿ ಐತಾ?"

ಇಲ್ಲ ಆಚಾರ್ರೇ, ಆ ಪೆಟ್ಟಿಗೆನೇ ಮೆಲ್ಲಗೆ ಹಿಡಿದು ನಿಲ್ಲಿಸುತ್ತೆ ಅಂದೆ. ಇನ್ನೂ ಬೇಗ ನಿಲ್ಲಿಸಬಹುದು, ಆದರೆ ಆ ಎಳೆತಕ್ಕೆ ಉಲ್ಟಾ ಥ್ರೆಡ್ಡಿನ ನಟ್ಟು ಸಡಿಲ ಆಗಬಹುದು, ಅದಕ್ಕೇ ಎಂಟು ಸೆಕೆಂಡು. ಉಲ್ಟಾ ಥ್ರೆಡ್ ಅಂದಕೂಡಲೇ ಅವರಿಗೆ ನನ್ನ ಫೋನು ನೆನಪಾಗಿ ನಗು ಬಂತು. ಬೆಲ್ಟು ಬಿಚ್ಚಿ ಕೈಯಲ್ಲಿ ಶಾಫ್ಟು ತಿರುಗಿಸಿ ತೋರಿಸಿದ ಮೇಲೆಯೇ ನಂಬಿದ್ದು. ಎರಡು ನಿಮಿಷ ತಾವೇ ತಿರುಗಿಸುತ್ತಾ ಕೂತರು.

ಹಲಸಿನ ಎರಡನೇ ಹಲಗೆ ಅವರದ್ದಂತೆ, ಮೊಮ್ಮಗಳಿಗೆ ಮಣೆ ಮಾಡೋಕೆ. ಸೀಳಿ ಕೊಟ್ಟೆ. ಹೊಟ್ಟು ಹಿಡಿಯೋಕೆ ಕೆಳಗೆ ತಗಡಿನ ಡಬ್ಬ ಕಟ್ಟೋದು ಇನ್ನೂ ಬಾಕಿ ಇದೆ. ಸದ್ಯಕ್ಕೆ ಗೊಬ್ಬರದ ಚೀಲವನ್ನೇ ಕಟ್ಟಿದ್ದೀನಿ.